ಗೋಡೆಯ ಮೇಲೊಂದು ಗೆರೆ

ನಮ್ಮಜ್ಜಿಯ ಬಲಗೈ ಬೆರಳ ತುದಿಗಳಲ್ಲಿ ಯಾವಾಗಲೂ ಗೋಡೆಯ ಮಣ್ಣಿನ ಪುಡಿ ಅಂಟಿರುತ್ತಿತ್ತು. ಬಾಗಿಲಿನಿಂದ ಒಲೆಯವರೆಗೆ, ಅವಳ ಸೊಂಟದ ಎತ್ತರಕ್ಕೆ, ಆ ಬೆರಳುಗಳು ಸವರಿ ಸವರಿ ಗೋಡೆಯ ಮೇಲೆ ನುಣುಪಾದ ಗೆರೆಯೊಂದು ಮೂಡಿತ್ತು. ವಯಸ್ಸಾಯಿತಲ್ಲ, ಆಸರೆಗೆ ಹಿಡಿಯುತ್ತಾಳೆ ಅಂದುಕೊಂಡಿದ್ದೆ.

ತಾಳವಾಡಿ ಹತ್ತಿರದ ನಮ್ಮ ಮನೆ ಒಂದೇ ಕೋಣೆಯದು. ಅದರಲ್ಲೇ ನಾಲ್ಕು ಜನ. ಆದರೂ ಅಜ್ಜಿಯ ಆಳ್ವಿಕೆಯಲ್ಲಿ ಒಂದು ಸೌಟೂ ಜಾಗ ತಪ್ಪುತ್ತಿರಲಿಲ್ಲ. ಒಲೆಯ ಎಡಕ್ಕೆ ಉಪ್ಪಿನ ಮಡಕೆ, ಅದರಾಚೆ ಖಾರದ ಡಬ್ಬಿ, ಬಾಗಿಲ ಹಿಂದೆ ಪೊರಕೆ, ಸೂರಿನಲ್ಲಿ ಬಾಯಿ ಒಳಗೆ ಮಾಡಿ ಸಿಕ್ಕಿಸಿದ ಕುಡುಗೋಲು. ನಾನು ಚೊಂಬನ್ನು ಎಲ್ಲೋ ಇಟ್ಟರೆ ಸಾಕು, ಶುರುವಾಗುತ್ತಿತ್ತು.

"ಎಲ್ಲಿಂದ ತಕ್ಕಂಡ್ಯೋ ಅಲ್ಲೇ ಮಡಗು ಕೂಸೆ. ಕೂಲಿಗೋಗೋರ ಮನೇಲಿ ಉಡುಕ್ಕಂಡು ಕೂರಕ್ಕೆ ಒತ್ತೆಲ್ಲಿದ್ದದು?"

ಅಪ್ಪ ಅವ್ವ ಬೆಳಿಗ್ಗೆಯೇ ದೊಡ್ಡಗಾಜನೂರಿನ ಕೋಸಿನ ಹೊಲಗಳಿಗೆ ಹೊರಡುವರು. ಅವರು ಸಂಜೆ ಬರುವ ಹೊತ್ತಿಗೆ ಮುದ್ದೆ, ಸಾರು ಬಿಸಿಬಿಸಿಯಾಗಿರಬೇಕು. ಅದೇ ಅಜ್ಜಿಯ ಹೆಮ್ಮೆ.

ಕಾಲೇಜಿನ ಹಾಸ್ಟೆಲಿನಿಂದ ನಾನು ಯುಗಾದಿಗೆ ಬಂದಿದ್ದೆ. ಅಜ್ಜಿಯ ಕೈಯಲ್ಲಿ ಪಳಗಿದವಳು, ನನ್ನ ಜಾಣತನ ತೋರಿಸಬೇಡವೇ? ಅವಳನ್ನು ಜಗುಲಿಯಲ್ಲಿ ಕೂರಿಸಿ ಗೋಡೆಗೆಲ್ಲ ಸುಣ್ಣ ಬಳಿದೆ. ಹೊಸ ಹಲಗೆ ಹೊಡೆದು ಉಪ್ಪು, ಖಾರ, ಬೇಳೆಗಳನ್ನೆಲ್ಲ ಒಂದೇ ಥರದ ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿದೆ. ನೋಡಿದರೆ ನನಗೇ ಖುಷಿಯಾಯಿತು.

ಒಳಗೆ ಬಂದ ಅಜ್ಜಿ ಸಾರಿಗೆ ಉಪ್ಪು ಹಾಕಲು ಒಲೆಯ ಎಡಕ್ಕೆ ಕೈ ಚಾಚಿದಳು. ಬರೀ ನೆಲ ಸಿಕ್ಕಿತು. ಕೈ ಅಲ್ಲಲ್ಲೇ ತಡಕಾಡಿತು.

"ನಿನ್ನ ಮುಂದ್ಲೇ ಅದಲ್ಲಜ್ಜಿ, ಕಣ್ ಕಾಣಲ್ವಾ?" ಎಂದು ನಕ್ಕೆ.

"ಊ ಕಣವ್ವ, ಕಾಣದಿಲ್ಲ," ಎಂದಳು. "ಎಲ್ಡು ವರ್ಸಾಯ್ತು. ನಿಮ್ಮಪ್ಪಂಗೆ ಏಳ್ಬ್ಯಾಡ. ಗೊತ್ತಾದ್ರೆ ನನ್ನ ಒಲೆ ಮುಂದ್ಕೆ ಬುಟ್ಟಾರಾ?"

ಉಪ್ಪಿನ ಡಬ್ಬಿ ತೆಗೆದು ಅವಳ ಕೈಗಿಟ್ಟೆ.

ಆದರೂ ಅಪ್ಪನಿಗೆ ಹೇಳಿಬಿಟ್ಟೆ. ಬೆಂಕಿಯ ಭಯ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ನಂಬಿಕೆ ಬೇರೆ. ಆಸ್ಪತ್ರೆಯಲ್ಲಿ ಇನ್ನೇನೂ ಮಾಡಲಾಗದು ಎಂದರು. ಮರುದಿನದಿಂದ ಅವ್ವ ಬೆಳಿಗ್ಗೆಯೇ ಎರಡೂ ಹೊತ್ತಿನ ಅಡುಗೆ ಮುಗಿಸಿ, ಒಲೆಗೆ ನೀರು ಚಿಮುಕಿಸಿ ಹೊಲಕ್ಕೆ ಹೋಗತೊಡಗಿದಳು. ಅಜ್ಜಿ ಜಗುಲಿಯಲ್ಲಿ ಕೂತುಬಿಟ್ಟಳು.

ತಾಳಲಾರದೆ ನಾನು ಹಲಗೆ ಕಿತ್ತು, ಉಪ್ಪಿನ ಮಡಕೆಯನ್ನು ಒಲೆಯ ಎಡಕ್ಕೇ ತಂದೆ.

"ಅಜ್ಜಿ, ಎಲ್ಲಾನೂ ಮೊದ್ಲಿದ್ದಂಗೇ ಮಡಗಿವ್ನಿ, ಬಾ."

"ಇನ್ನೇನವ್ವ," ಎಂದಳು. "ಎಲ್ಲಾದ್ರೂ ಮಡಗು."

ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಆ ವರ್ಷದ ರಾಗಿ ಮನೆಗೆ ಬರುವ ಮೊದಲೇ ಅಜ್ಜಿ ಹೋಗಿಬಿಟ್ಟಳು. ಈಗಲೂ ಊರಿಗೆ ಹೋದಾಗ ನಾನು ಮೊದಲು ನೋಡುವುದು ಆ ಗೋಡೆಯನ್ನೇ. ನಾನು ಬಳಿದ ಸುಣ್ಣ ಹಾಗೆಯೇ ಇದೆ. ಸೊಂಟದ ಎತ್ತರದಲ್ಲಿ ಒಂದು ಬೆರಳ ಗುರುತೂ ಇಲ್ಲ.