ರಾಜ ಬೈದರೆ ಕೇಸು ಯಾರ ಮೇಲೆ?

ಬೆಳಗಿನ ವಾಕಿಂಗ್ ಹೊತ್ತಿಗೆ ಯಾರಾದರೂ ಅಡ್ಡ ಬಂದರೆ ನನಗೆ ಆಗುವುದಿಲ್ಲ. ಸಾಗರದ ನಮ್ಮ ಬೀದಿಗೆಲ್ಲ ಇದು ಗೊತ್ತು. ಹಾಗಿದ್ದೂ ಕಳೆದ ತಿಂಗಳು ಟೈಲರಿಂಗ್ ಅಂಗಡಿಯ ಸುಮಿತ್ರಾ ಗೇಟಿನ ಹತ್ತಿರವೇ ನನ್ನನ್ನು ಹಿಡಿದಳು. ಕೈಯಲ್ಲಿ ವಕೀಲರ ನೋಟಿಸು.

"ಬೈದಿದ್ದು ನಾನಲ್ಲ ಅಕ್ಕಾ, ರಾಜ. ನೋಟಿಸು ನೋಡಿದ್ರೆ ನನ್ ಹೆಸರಿಗೆ ಬಂದಿದೆ."

ಸುಮಿತ್ರಾ ತಾಳಮದ್ದಳೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು ಮುಗಿದ ಕೂಡಲೇ ಎದುರುಬದುರು ಕೂತು ಪಾತ್ರವಾಗಿ ವಾದಿಸಬೇಕು. ಮಾತು ಮೊದಲೇ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ದುಷ್ಟ ರಾಜನ ಪಾತ್ರ ಬಂದರೆ ನಮ್ಮ ಮಹಿಳಾ ತಂಡದಲ್ಲಿ ಇವಳೇ. (ಬ್ಲೌಸ್ ತಡವಾಯಿತೆಂದು ಇವಳ ಹತ್ತಿರ ಜಗಳಕ್ಕೆ ನಿಂತವರಿಗೆ ಕಾರಣ ಗೊತ್ತು.)

ಹೊಸನಗರದ ಕೂಟದಲ್ಲಿ ಮಂತ್ರಿ ಪಾತ್ರದವಳು, ಪ್ರಜೆಗಳಿಗೆ ಕುಡಿಯಲು ನೀರಿಲ್ಲ ಪ್ರಭು ಎಂದಳಂತೆ. ರಾಜನಿಗೆ ಹುರುಪು ಬಂತು. ಹಾಗಾದರೆ ಈ ಊರಿನ ಕೆರೆ ಕಂಟ್ರಾಕ್ಟರ್ ಶ್ರೀಧರನನ್ನು ಕರೆಸು, ಅವನು ಹೂಳೆತ್ತಿದರೆ ಹೂಳು ಕೆರೆಯಲ್ಲೇ ಇರುತ್ತದೆ, ದುಡ್ಡು ಮಾತ್ರ ಅವನ ಹೊಟ್ಟೆ ಸೇರುತ್ತದೆ ಅಂದುಬಿಟ್ಟಳು. ಸಭೆ ಬಿದ್ದು ಬಿದ್ದು ನಕ್ಕಿತು. ಯಾರೋ ಅಷ್ಟನ್ನೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. ಆ ತುಣುಕಿನಲ್ಲಿ ಮಂತ್ರಿಯೂ ಇಲ್ಲ, ಭಾಗವತರೂ ಇಲ್ಲ. ಉಳಿದದ್ದು ಸುಮಿತ್ರಾ ಮತ್ತು ಶ್ರೀಧರನ ಹೆಸರು. ನೋಟಿಸು ಕಳಿಸಿದ್ದು ಅವನೇ.

ಇನ್ನು ಆ ಕೂಟದ ಸಹವಾಸವೇ ಬೇಡ ಎಂದು ಅವಳ ಗಂಡ ಹೇಳಿದ್ದನಂತೆ. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೂರುವ ಜಾಗ ಅದೊಂದೇ. ಅದೂ ಹೋದರೆ?

ತೀರ್ಥಹಳ್ಳಿಯಲ್ಲಿ ವಕೀಲನಾಗಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಕೆರೆ ತುಂಬಿಲ್ಲ ಎನ್ನಬಹುದು, ಲೆಕ್ಕ ಕೊಡಿ ಎಂದು ಕೇಳಬಹುದು, ಸಂವಿಧಾನವೇ ಆ ಹಕ್ಕು ಕೊಟ್ಟಿದೆ ಎಂದ. ಆದರೆ ಹೆಸರು ಹಿಡಿದು ದುಡ್ಡು ತಿಂದ ಅಂದರೆ ರುಜುವಾತು ಬೇಕು. ಇಲ್ಲದಿದ್ದರೆ ಮಾನನಷ್ಟ. "ಮತ್ತೆ ದೊಡ್ಡಮ್ಮ, ಸಮನ್ಸ್ ರಾಜನ ಅಡ್ರೆಸ್ಸಿಗೆ ಹೋಗಲ್ಲ."

ಕೆಲಸ ಮುಂದೂಡುವುದು ನನ್ನ ಅಭ್ಯಾಸವಲ್ಲ. ತಿಂಡಿ ಮುಗಿಸಿ, ಸುಮಿತ್ರಾಳನ್ನು ಕರೆದುಕೊಂಡು ಶ್ರೀಧರನ ಮನೆಗೆಂದು ಹೊಸನಗರದ ಬಸ್ ಹತ್ತಿದೆ.

ಶ್ರೀಧರ ಬೈಯಲಿಲ್ಲ. ಕುರ್ಚಿ ಒರೆಸಿ ಕೂರಿಸಿದ. ಮಾತಾಡುವಾಗ ತಡವರಿಸುವ ಮನುಷ್ಯ. ನಾನು ದುಡ್ಡು ತಿಂದದ್ದನ್ನು ನೋಡಿದಿರಾ ಎಂದು ಕೇಳಿದ. ಅದನ್ನು ನೋಡಿಲ್ಲ, ಕೆರೆ ಬರಿದಾಗಿರುವುದನ್ನು ನೋಡಿದ್ದೇನೆ ಅಂದಳು ಇವಳು.

ಆಮೇಲೆ ಅವನು ಒಳಗಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ.

"ನಮ್ಮಮ್ಮ ಒಂದು ಕೂಟಾನೂ ಬಿಟ್ಟವಳಲ್ಲ ಅಕ್ಕ. ಅವತ್ತೂ ಮುಂದಿನ ಸಾಲಲ್ಲೇ ಕೂತಿದ್ಲು. ಎಲ್ರೂ ನಕ್ರಲ್ಲ, ಆಮೇಲೆ ಹೋಗೇ ಇಲ್ಲ. ಅಲ್ಲಿ ರಾಜ ಏನಂದ್ರೂ ಉತ್ತರ ಕೊಡೋಕೆ ಎದುರಿಗೆ ಒಬ್ರು ಇರ್ತಾರೆ. ನನ್ ಪರ ಯಾರು ಕೂತಿದ್ರು?"

ಎಂಥ ವಾದಕ್ಕೂ ತಿರುಗೇಟು ಕೊಡುವ ಸುಮಿತ್ರಾ ತಲೆ ತಗ್ಗಿಸಿದಳು. ಕಾನೂನು ಅವಳಿಗೆ ಬರೀ ಹೆದರಿಕೆ ಹುಟ್ಟಿಸಿತ್ತು. ಇದು ಬೇರೆ ಕಡೆ ತಾಗಿತು.

"ಆ ಮಾತು ತಪ್ಪಾಯ್ತು. ಅದೇ ಜನರ ಮುಂದೆ ವಾಪಸ್ ತಗೊಳ್ತೀನಿ. ಕೆರೆ ವಿಷಯ ಮಾತ್ರ ಬಿಡಲ್ಲ. ನೀವೂ ಬನ್ನಿ, ಉತ್ತರ ಹೇಳಿ."

ಅವನು ನೋಟಿಸು ಹಿಂದಕ್ಕೆ ತೆಗೆದುಕೊಂಡ. ಕಳೆದ ಶನಿವಾರದ ಕೂಟಕ್ಕೂ ಬಂದ, ತಾಯಿಯನ್ನು ಕರೆದುಕೊಂಡು.

ಹಾಡು ಶುರುವಾಗುವ ಮುಂಚೆ ಸುಮಿತ್ರಾ ಎದ್ದು ನಿಂತಳು. ರಾಜನ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ, ಅಂದು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ನಂತರ ಕೆರೆ ಯಾಕೆ ತುಂಬಿಲ್ಲ ಎಂದು ಕೇಳಿದಳು. ಶ್ರೀಧರ ಎದ್ದ. ಮಂಜೂರಾದದ್ದು ಅರ್ಧ ಕೆರೆಯ ಕೆಲಸ ಮಾತ್ರ, ಕಾಗದ ಪಂಚಾಯ್ತಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು ಎಂದ. ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಕಾಗದ ನೋಡಬೇಕು, ನೋಡುತ್ತೇವೆ.

ಆದರೆ ಇಷ್ಟು ಹೇಳುವುದಕ್ಕೆ ಅವನಿಗೆ ತುಂಬ ಹೊತ್ತು ಹಿಡಿಯಿತು. ಒಂದೊಂದು ಶಬ್ದವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಯಾರೂ ನಗಲಿಲ್ಲ. ಭಾಗವತರು ತಾಳವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಅವನ ತಾಯಿ ಸೆರಗು ಹಿಡಿದು ಕೂತಿದ್ದರು. ಇಡೀ ಸಭೆ ಅವನು ಮುಗಿಸಲಿ ಎಂದು ಕಾಯಿತು.

ಫಾರ್ವರ್ಡ್ ಒತ್ತುವ ಮುಂಚೆ ನಾವು ಯಾರ ಉತ್ತರಕ್ಕಾದರೂ ಇಷ್ಟು ಹೊತ್ತು ಕಾದಿದ್ದೇವಾ?