ಅಳತೆಗೆ ಕಾದಿರುವ ನಿಲುವಂಗಿ

ಬೆಳಗಿನ ಐದೂವರೆ. ಕೋಮ್ ಬದ್ರಾನ್ ಹಳ್ಳಿಯ ಕತ್ತೆಗಳಿಗೂ ಇನ್ನೂ ಸರಿಯಾಗಿ ಎಚ್ಚರವಾಗಿಲ್ಲ. ದರ್ಜಿ ಹೆಂಗಸು ಇಸ್ತೀರ್ ಹಬೀಬ್ ಮಾತ್ರ ಪ್ರಾರ್ಥನೆ ಮುಗಿಸಿ, ಬೀದಿ ಕಡೆಯ ಕಿಟಕಿಯ ಪಕ್ಕ ಕುಳಿತು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಶಿಲುಬೆಯ ಕಸೂತಿ ತುಂಬುತ್ತಿದ್ದಾರೆ. ಪಾದ್ರಿ ಬಲಿಪೂಜೆಗೆ ತೊಡುವ ನಿಲುವಂಗಿ ಅದು. ಎದೆ, ಬೆನ್ನು, ಭುಜದ ಕೆಲಸ ಮುಗಿಯುತ್ತ ಬಂದಿದೆ. ತೋಳಿನ ತುದಿ ಮತ್ತು ಕೆಳಗಿನ ಅಂಚಿಗೆ ಅವರು ಕೈಯನ್ನೇ ಹಚ್ಚಿಲ್ಲ. ಅಲ್ಲಿ ಒಂದು ಮೊಳ ಬಟ್ಟೆ ಹೆಚ್ಚಿಗೆ ಇಳಿಬಿದ್ದಿದೆ.

"ಯಾರ ಅಳತೆ?" ಎಂದು ಪತ್ರಿಕೆಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ಮೇಲಿರೋನನ್ನ ಕೇಳು ಉಸ್ತಾದ್. ನಂಗಂತೂ ಇನ್ನೂ ಹೇಳಿಲ್ಲ." ಓದು ಬರಹ ಬಲ್ಲ ಗಂಡಸರೆಲ್ಲ ಇಲ್ಲಿ ಉಸ್ತಾದ್.

ಇಸ್ತೀರ್‌ಗೆ ಅರವತ್ತೊಂದು. ಮೂವತ್ತೆಂಟು ವರ್ಷಗಳಿಂದ ಹೊಲಿಗೆಯೇ ಅನ್ನ. ಸುತ್ತಲ ಮೂರು ಹಳ್ಳಿಗಳ ಚರ್ಚುಗಳಿಗೆ ಹನ್ನೊಂದು ನಿಲುವಂಗಿ ಹೊಲಿದುಕೊಟ್ಟಿದ್ದಾರೆ. ಒಂದು ಶಿಲುಬೆ ತುಂಬಲು ಎರಡು ಬೆಳಿಗ್ಗೆ ಬೇಕು. ಬಿಸಿಲೇರಿದ ಮೇಲೆ ಅದನ್ನು ಮಡಿಸಿಟ್ಟು, ಗಂಡಸರ ಉದ್ದನೆಯ ಅಂಗಿ ಗಲಾಬಿಯಾ ಹೊಲಿಯಲು ಪೆಡಲ್ ಮಷೀನಿಗೆ ಕೂರುತ್ತಾರೆ. ಉಪವಾಸದ ಕಾಲವಾದ್ದರಿಂದ ಮಧ್ಯಾಹ್ನದವರೆಗೆ ಒಂದು ಗುಟುಕು ಚಹಾ ಕೂಡ ಇಲ್ಲ.

ಊರಿನ ಹಳೆಯ ಪಾದ್ರಿ ಅಬೂನಾ ಬಿಸಾದಾ ತೀರಿಕೊಂಡು ಹತ್ತು ತಿಂಗಳಾಯಿತು. ಅಬೂನಾ ಎಂದರೆ ನಮ್ಮ ತಂದೆ; ಪಾದ್ರಿಯನ್ನು ಊರವರು ಕರೆಯುವುದೇ ಹಾಗೆ. ಭಾನುವಾರಕ್ಕೆ ಪಕ್ಕದ ಪಟ್ಟಣದಿಂದ ಯಾರೋ ಬಂದು ಪೂಜೆ ಮಾಡಿ ಹೋಗುತ್ತಾರೆ. ಬಿಸಾದಾ ಅವರ ಜಾಗಕ್ಕೆ ಊರವರಲ್ಲೇ ಒಬ್ಬರನ್ನು ಆರಿಸಬೇಕು. ಅಲ್ಲೇ ಊರು ಎರಡು ಹೋಳಾಗಿದೆ. ಅರ್ಧ ಜನ ಶಾಲೆಯ ಮೇಷ್ಟ್ರು ನಸೀಮ್‌ಗೆ ಸಹಿ ಹಾಕಿದ್ದಾರೆ. ಉಳಿದರ್ಧ ಮಕಾರಿಗೆ. ಈ ಮಕಾರಿ ಬೇರೆ ಯಾರೂ ಅಲ್ಲ, ಇಸ್ತೀರ್ ಅವರ ಅಳಿಯ. ಈ ಚರ್ಚಿನಲ್ಲಿ ಊರ ಪಾದ್ರಿಯಾಗುವವರು ಮದುವೆಯಾದವರೇ. ಎರಡೂ ಪಟ್ಟಿ ತಲುಪಿದ ಮೇಲೆ ಬಿಷಪ್ ಹೇಳಿ ಕಳಿಸಿದ್ದು ಇಷ್ಟೇ: ಪ್ರಾರ್ಥಿಸಿ, ಕಾಯಿರಿ.

ಕಾಯುವುದು ಊರಿಗೆ ಆಗದ ಕೆಲಸ. ನಸೀಮ್ ಗಿಡ್ಡ, ಮಕಾರಿ ಉದ್ದ. ಅಂಚು ಎಲ್ಲಿ ಮಡಿಚಿದ್ದಾರೆ ನೋಡಿದರೆ ಇಸ್ತೀರ್ ಯಾರ ಕಡೆ ಎಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಚರ್ಚಿಗೆ ಹೋಗುವವರೆಲ್ಲ ಈ ಕಿಟಕಿಯಲ್ಲಿ ಇಣುಕಿಯೇ ಮುಂದೆ ಹೋಗುತ್ತಾರೆ. ಅತ್ತೆ ಅಳಿಯನಿಗೇ ಹೊಲಿಯುತ್ತಿದ್ದಾಳೆಂದು ಮೇಷ್ಟ್ರ ಕಡೆಯವರಿಗೆ ಗುಮಾನಿ. ಸ್ವಂತ ಅಳಿಯನಿಗೇ ಆಗದವಳೆಂದು ಇನ್ನೊಂದು ಕಡೆಯವರಿಗೆ ಸಿಟ್ಟು. ವಾರಕ್ಕೆ ನಾಲ್ಕು ಗಲಾಬಿಯಾ ಬರುತ್ತಿದ್ದ ಮನೆಗೆ ಈಗ ಒಂದು ಬಂದರೆ ಪುಣ್ಯ.

"ಹಿಂದೆ ಒಂದ್ಸಲ ಆತುರ ಮಾಡಿ ಕೆಟ್ಟಿದೀನಿ," ಎನ್ನುತ್ತಾರೆ ಸೂಜಿ ನಿಲ್ಲಿಸದೆ. "ಅಂಚೆಯವನು ಫಹೀಮೇ ಪಾದ್ರಿ ಆಗೋದು ಅಂತ ಊರಿಗೆ ಊರೇ ಹೇಳ್ತು. ನಾನೂ ಅವನಳತೆಗೇ ಕತ್ತರಿಸ್ಬಿಟ್ಟೆ. ಆಗಿದ್ದು ನಮ್ಮ ಬಿಸಾದಾ. ಅವರೋ ಒಳ್ಳೇ ಖರ್ಜೂರದ ಮರ! ತೋಳು ಮೊಣಕೈ ದಾಟ್ಲಿಲ್ಲ. ಹುಡುಗರು ಪೂಜೇಲೇ ನಗೋರು. ನಂಗೆ ನೋವಾಗ್ಬಾರ್ದು ಅಂತ ಅಬೂನಾ ಒಂದಿಡೀ ವರ್ಷ ಅದನ್ನೇ ಹಾಕ್ಕೊಂಡ್ರು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ ನೋಡು."

ನಾವು ಮಾತಾಡುತ್ತಿರುವಾಗಲೇ ಮಗಳು ಮಾರ್ಥಾ ಬಾಗಿಲಲ್ಲಿ ನಿಲ್ಲುತ್ತಾಳೆ. ಮೂರು ವಾರದಿಂದ ತಾಯಿಯ ಮನೆಯ ಹೊಸ್ತಿಲು ತುಳಿಯದವಳು. ಕೈಯಲ್ಲಿ ಗಂಡನ ಅಳತೆ ಬರೆದ ಚೀಟಿ.

"ಈಸ್ಟರ್‌ಗೆ ಇನ್ನು ಒಂಬತ್ತೇ ದಿನ ಅಮ್ಮ. ತೊಗೋ."

"ಅಲ್ಲಿಟ್ಟು ಹೋಗು. ಮೇಷ್ಟ್ರ ಹೆಂಡ್ತೀನೂ ಇಟ್ಟು ಹೋಗಿದಾಳೆ."

"ನಾಳೆ ನಮ್ಮವರೇ ಪಾದ್ರಿ ಆದ್ರೆ ಯಾವ ಮುಖ ಇಟ್ಕೊಂಡು ಎದುರಿಗೆ ನಿಲ್ತೀಯ?"

"ಇದೇ ಮುಖ. ಅಬೂನಾ ಅಂತ ಕೈಗೆ ಮುತ್ತಿಟ್ಟು ಎಲ್ಲರಿಗಿಂತ ಮುಂದೆ ನಿಲ್ತೀನಿ. ಆದ್ರೆ ಇವತ್ತಿಗೆ ಅವನು ಅಳಿಯ ಕಣೇ. ಅಳಿಯನಿಗೆ ಗಲಾಬಿಯಾ ಬೇಕಾದ್ರೆ ಹೊಲಿದುಕೊಡ್ತೀನಿ, ದುಡ್ಡೂ ಬೇಡ."

ಮಾರ್ಥಾ ಚೀಟಿ ಇಡುವುದಿಲ್ಲ. ಮುಷ್ಟಿಯಲ್ಲಿ ಮುದುರಿಕೊಂಡು ಸರ್ರನೆ ಹೊರಟುಹೋಗುತ್ತಾಳೆ. ಇಸ್ತೀರ್ ಕಿಟಕಿಯಿಂದ ಅವಳು ತಿರುವು ದಾಟುವವರೆಗೂ ನೋಡುತ್ತಾರೆ. ಕಣ್ಣು ತುಂಬಿಕೊಂಡು ಸೂಜಿಯ ತೂತು ಕಾಣಿಸದಾಗುತ್ತದೆ. ದಾರ ಪೋಣಿಸಿಕೊಟ್ಟವನು ನಾನೇ. ಈ ಹೆಂಗಸಿನ ಹಟ ನನಗೆ ಮೊದಲು ಸ್ವಲ್ಪ ಅತಿಯೆನಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ.

"ಹೆಸರು ಬಂದ ಮೇಲೆ ಹೊಲಿಯೋಕೆ ಟೈಮ್ ಸಾಕಾಗುತ್ತಾ?"

"ಕತ್ತರಿಸಿ ಅಂಚು ಮಡಿಚೋಕೆ ಒಂದು ಬೆಳಿಗ್ಗೆ ಸಾಕು."

"ಮನಸ್ಸಲ್ಲಿ ಯಾರ ಹೆಸರಿದೆ? ನಿಜ ಹೇಳಿ."

ಇಸ್ತೀರ್ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಮಕಾರೀದೇ. ಮಗಳನ್ನ ಹೆತ್ತವಳಲ್ವಾ ನಾನು? ದಿನಾ ಬೆಳಿಗ್ಗೆ ಅವನ ಹೆಸರು ಹಿಡಿದೇ ಬೇಡ್ಕೋತೀನಿ. ಬೇಡ್ಕೊಳ್ಳೋದು ನನ್ನಿಷ್ಟ. ಕತ್ತರಿ ಹಾಕೋದು ಮಾತ್ರ ದೇವರು ಹೇಳಿದ್ಮೇಲೇ."