ಅರ್ತ್ ಆಯ್ತಾ, ಅಳಿಯಂದ್ರೇ?

ಮೊನ್ನೆ ಬುಧವಾರ ಬೆಳಿಗ್ಗೆ ಹಲಸೂರಿನ ನಮ್ಮ ಮನೆ ಮುಂದೆ ಎರಡು ಕಾರುಗಳು ಎದುರುಬದುರು ನಿಂತಿದ್ದವು. ಒಂದು ನಮ್ಮ ಅಳಿಯ ಪ್ರವೀಣನ ಹೊಸ ಕಾರು. ಇನ್ನೊಂದು ನಮ್ಮ ಯಜಮಾನರ ಪ್ರಾಣ, ಎಪ್ಪತ್ತು ವರ್ಷದ ಇಂಗ್ಲೆಂಡಿನ ಕಾರು. ಕಂಟೋನ್ಮೆಂಟಿನ ಬಂಗಲೆಯ ಮುದುಕ ಸಾಹೇಬರೊಬ್ಬರು ಊರು ಬಿಡುವಾಗ ತಮ್ಮ ಡ್ರೈವರ್‌ಗೆ ಕೊಟ್ಟು ಹೋದದ್ದು. ಆ ಡ್ರೈವರೇ ನಮ್ಮ ಯಜಮಾನರು. ಕಾರಿಗೆ ನಾವಿಟ್ಟ ಹೆಸರು ‘ದೊರೆ’.

ಅವತ್ತು ಕೀ ತಿರುಗಿಸಿದರೆ ದೊರೆ ಟಕ್ ಅಂದ. ಅಷ್ಟೇ. ಬ್ಯಾಟರಿ ಪೂರ್ತಿ ಡೌನ್.

ಅವತ್ತೇ ಆಗಬೇಕಿತ್ತಾ?

ತಡೆಯಲಾಗುತ್ತಿಲ್ಲ, ಹೇಳಿಬಿಡುತ್ತೇನೆ. ನಾನು ಅಜ್ಜಿ ಆಗಿದ್ದೇನೆ! ಮಗಳು ಶೋಭಾಗೆ ಹೆಣ್ಣುಮಗು. ಮೂರು ಕೆ.ಜಿ.ಗೆ ನೂರು ಗ್ರಾಂ ಕಮ್ಮಿ. ತಲೆ ತುಂಬ ಕೂದಲು. ಹುಟ್ಟಿದ ಎರಡನೇ ದಿನವೇ ನನ್ನ ಬೆರಳು ಹಿಡಿದು ಬಿಡಲೇ ಇಲ್ಲ. (ಎಲ್ಲ ಅಜ್ಜಿಯರೂ ಹೀಗೇ ಹೇಳುತ್ತಾರೆ, ಗೊತ್ತು. ಆದರೆ ಇವಳದ್ದು ನಿಜ.)

ಬುಧವಾರ ಪುಲಿಕೇಶಿನಗರದ ಆಸ್ಪತ್ರೆಯಿಂದ ಡಿಸ್ಚಾರ್ಜ್. ಹನ್ನೆರಡಕ್ಕೆ ರಾಹುಕಾಲ. ಅದಕ್ಕೆ ಮೊದಲು ಮಗು ನಮ್ಮ ಹೊಸ್ತಿಲು ದಾಟಬೇಕು. ಬರುವುದು ದೊರೆಯ ಹಿಂದಿನ ಸೀಟಿನಲ್ಲಿ, ನನ್ನ ಮಡಿಲಲ್ಲಿ. ಮೂವತ್ತೊಂದು ವರ್ಷದ ಹಿಂದೆ ಶೋಭಾ ಬಂದದ್ದೂ ಹಾಗೆಯೇ. ಒಂಬತ್ತು ತಿಂಗಳಿಂದ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಅದೊಂದೇ ಚಿತ್ರ.

ಬ್ಯಾಟರಿ ಇಳಿದದ್ದು ಹೇಗೆ? ಸಂತೋಷದಿಂದ! ಹಿಂದಿನ ಸಂಜೆ ಯಜಮಾನರು ದೊರೆಯನ್ನು ತೊಳೆದು, ಸೇವಂತಿಗೆ ಹಾರ ಹಾಕಿ, ಹೆಡ್‌ಲೈಟ್ ಹಚ್ಚಿ, ಫೋಟೋ ತೆಗೆದು ಮಗಳಿಗೆ ಕಳಿಸಿದರು. ಲೈಟ್ ಆರಿಸಲು ಮರೆತರು.

“ನೀನಾದ್ರೂ ನೋಡ್ಬಾರ್ದಾಗಿತ್ತಾ?” ಅಂತ ನನ್ನನ್ನೇ ಕೇಳಿದರು. ಎಲ್ಲರ ಮನೆಯಲ್ಲೂ ಗಂಡಸರು ಹೀಗೇನಾ?

ನಮ್ಮಲ್ಲಿ ಸ್ಟೀರಿಂಗ್ ಅವರದು, ವೈರು ನನ್ನದು. ಶಿವಾಜಿನಗರದ ಬ್ಯಾಟರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು. ಓದಿದ್ದು ನಾಲ್ಕನೇ ಕ್ಲಾಸು. ಪ್ಲಸ್ಸು ಮೈನಸ್ಸು ಕಲಿತದ್ದು ಸ್ಲೇಟಿನ ಮೇಲಲ್ಲ, ಆಸಿಡ್ ಬಿದ್ದು ಸೀರೆ ತೂತಾಗಿ ತೂತಾಗಿ.

ಹೊಸ ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ದೊರೆಯನ್ನು ಎಬ್ಬಿಸಲು ಪ್ರವೀಣ ಒಂದು ಕೈಯಲ್ಲಿ ಕ್ಲಿಪ್ಪಿನ ಎರಡು ವೈರು, ಇನ್ನೊಂದರಲ್ಲಿ ಫೋನು ಹಿಡಿದು ಬಂದ. “ಅತ್ತೆ, ವಿಡಿಯೋದಲ್ಲಿ ನೀಟಾಗಿ ತೋರ್ಸಿದಾರೆ. ಕೆಂಪು ಪ್ಲಸ್ಸಿಂದ ಪ್ಲಸ್ಸಿಗೆ, ಕಪ್ಪು ಲಾಸ್ಟಲ್ಲಿ ಇಂಜಿನ್ ಮೆಟಲ್ಲಿಗೆ. ಐದೇ ನಿಮಿಷ.”

“ಐದು ನಿಮಿಷದ ಕೆಲ್ಸಕ್ಕೆ ಹತ್ತು ನಿಮಿಷ ನೋಡ್ಬೇಕು ಅಳಿಯಂದ್ರೇ,” ಅಂದೆ.

ಬ್ಯಾಟರಿ ಊದಿದೆಯಾ? ಒಡೆದು ಸೋರುತ್ತಿದೆಯಾ? ಹಾಗಿದ್ದರೆ ಮುಟ್ಟಲೇಬಾರದು. ದೊರೆಯದು ನೆಟ್ಟಗಿತ್ತು. ಎರಡೂ ಹನ್ನೆರಡು ವೋಲ್ಟಾ? (ಹಳೇ ಕಾರುಗಳಲ್ಲಿ ಆರು ವೋಲ್ಟಿನವೂ ಇವೆ, ಅದಕ್ಕೆ ಹನ್ನೆರಡು ಕೊಟ್ಟರೆ ಕಥೆ ಮುಗಿಯಿತು.) ಎರಡೂ ಕಾರು ಆಫ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಗೇರು ನ್ಯೂಟ್ರಲ್. ಎರಡರ ಬಂಪರು ತಾಗುವಷ್ಟು ಹತ್ತಿರವಿತ್ತು. ಹೊಸ ಕಾರನ್ನು ಒಂದು ಮೊಳ ಹಿಂದಕ್ಕೆ ತೆಗೆಸಿದೆ.

ಅಷ್ಟರಲ್ಲಿ ಎದುರುಮನೆಯ ಟೈಲರ್ ಖಾದರ್ ಭಾಯ್ ಬಾನೆಟ್ಟಿನೊಳಗೆ ತಲೆ ಹಾಕಿದರು, ಬಾಯಲ್ಲಿ ಬೀಡಿ.

“ಕ್ಯಾ ಹುವಾ ಅಮ್ಮಾ, ದೊರೆಗೆ ಹುಷಾರಿಲ್ವಾ?”

“ಬೀಡಿ ಆರ್ಸಿ ಬನ್ನಿ ಭಾಯ್. ಇಲ್ಲಾಂದ್ರೆ ನಮ್ಗೂ ಹುಷಾರಿರಲ್ಲ.”

ಬ್ಯಾಟರಿಯಿಂದ ಏಳುವ ಗ್ಯಾಸು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬೆಂಕಿಗೆ ಕಾಣುತ್ತದೆ.

ನಾನು ಕನ್ನಡಕ ಹಾಕಿಕೊಂಡು, ದೊರೆಯ ಬ್ಯಾಟರಿಯ ತುದಿಗಳಿಗೆ ಹಿಡಿದಿದ್ದ ಬಿಳಿ ಪುಡಿಯನ್ನು ಉಜ್ಜುತ್ತಾ, ತಲೆ ಎತ್ತದೆ ಹೇಳಿದೆ: “ಇದ್ರಲ್ಲಿ ಅರ್ತ್ ಬೇರೆ. ನೋಡ್ಕೊಳಿ. ಅರ್ತ್ ಆಯ್ತಾ, ಅಳಿಯಂದ್ರೇ?”

“ಅರ್ಥ ಆಯ್ತು ಅತ್ತೆ!”

ತಪ್ಪಾದದ್ದು ಇಲ್ಲಿ. ಬ್ಯಾಟರಿಯ ಯಾವ ತುದಿ ಕಾರಿನ ಕಬ್ಬಿಣಕ್ಕೆ ಸೇರಿರುತ್ತದೋ ಅದಕ್ಕೆ ಶಿವಾಜಿನಗರದ ಗ್ಯಾರೇಜುಗಳಲ್ಲಿ ‘ಅರ್ತ್’ ಅನ್ನುತ್ತಾರೆ. ನಾನು ಕೇಳಿದ್ದು ಅದನ್ನು ನೋಡಿದ್ದಾಯ್ತಾ ಅಂತ. ಅವನಿಗೆ ಕೇಳಿಸಿದ್ದು, ಅತ್ತೆ ಹೇಳಿದ್ದು ತಿಳಿಯಿತಾ ಅಂತ. ಅತ್ತೆಯ ಮುಂದೆ ‘ತಿಳಿಯಲಿಲ್ಲ’ ಅನ್ನುವ ಅಳಿಯ ಈ ಭೂಮಿಯ ಮೇಲೆ ಇದ್ದಾನಾ?

ಈಗಿನ ಕಾರುಗಳಲ್ಲಿ ಅರ್ತ್ ಅಂದರೆ ಮೈನಸ್. ದೊರೆಯ ಕಾಲದ ಎಷ್ಟೋ ಕಾರುಗಳಲ್ಲಿ ಉಲ್ಟಾ, ಪ್ಲಸ್ಸೇ ಅರ್ತ್. ಅಂದರೆ ದೊರೆಯ ಇಡೀ ಮೈ ಪ್ಲಸ್ಸು.

ನಾನು ತಲೆ ಎತ್ತುವ ಹೊತ್ತಿಗೆ ಪ್ರವೀಣ ವಿಡಿಯೋದಂತೆ ಮೂರು ಕ್ಲಿಪ್ಪು ಹಾಕಿದ್ದ. ನಾಲ್ಕನೆಯದು, ಕಪ್ಪು, ದೊರೆಯ ಇಂಜಿನ್ನಿಗೆ ಒಂದು ಬೆರಳು ದೂರದಲ್ಲಿತ್ತು.

“ನಿಲ್ಸೋ!” ಅಂದೆ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅಳಿಯನಿಗೆ ಮೊದಲ ಏಕವಚನ. ಮಣಿಕಟ್ಟು ಹಿಡಿದು ಕೈ ಹಿಂದಕ್ಕೆ ಎಳೆದೆ.

ತಾಗಿದ್ದರೆ? ಹೊಸ ಕಾರಿನ ಬ್ಯಾಟರಿಯ ಪ್ಲಸ್ಸು ಮೈನಸ್ಸು ನೇರ ಡಿಕ್ಕಿ. ಕಿಡಿ, ಕರಗಿದ ವೈರು, ಅವನ ಕೈ. ಮಗು ಹುಟ್ಟಿ ಮೂರು ದಿನ, ಅಪ್ಪ ಅದೇ ಆಸ್ಪತ್ರೆಗೆ ಸೇರುತ್ತಿದ್ದ. ತಪ್ಪು ಅವನದಲ್ಲ. ಬಿಡಿಸಿ ಹೇಳದೆ ಒಂದು ಪದ ಎಸೆದವಳು ನಾನು.

ಎಲ್ಲ ಕ್ಲಿಪ್ಪು ತೆಗೆಸಿ, ಹೇಳಿಕೊಟ್ಟು, ಮೊದಲಿಂದ ಶುರು ಮಾಡಿದೆವು. ಕಪ್ಪು ವೈರು ದೊರೆಯ ಮೈನಸ್ಸಿಗೆ, ಆಮೇಲೆ ಹೊಸದರ ಮೈನಸ್ಸಿಗೆ. ಕೆಂಪು ಹೊಸದರ ಪ್ಲಸ್ಸಿಗೆ. ಕಟ್ಟಕಡೆಗೆ ಕೆಂಪಿನ ಇನ್ನೊಂದು ತುದಿ ದೊರೆಯ ಇಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕ್ಲಿಪ್ಪಿಗೆ ಸಣ್ಣ ಕಿಡಿ ಹಾರುವುದುಂಟು, ಅದು ಗ್ಯಾಸಿನ ಹತ್ತಿರ ಹಾರಬಾರದು. ಹೊಸ ಕಾರಿನ ಇಂಜಿನ್ ಆಫ್ ಆಗಿಯೇ ಇರಲಿ ಅಂದೆ. (ನಿಮ್ಮ ಹಳೇ ಕಾರಿನ ಅರ್ತ್ ಯಾವುದು ಅಂತ ಗೊತ್ತಿಲ್ಲವಾ? ಮೆಕ್ಯಾನಿಕ್ ಕರೆಯಿರಿ. ನನ್ನ ಅಂಕಣ ನೋಡಿಕೊಂಡು ಕ್ಲಿಪ್ಪು ಹಾಕಬೇಡಿ.)

ಯಜಮಾನರು ಚೋಕ್ ಎಳೆದು ಕೀ ತಿರುಗಿಸಿದರು. ಒಂದು ಸಲ ಗೊಣಗಿದ, ಎರಡನೇ ಸಲ ಕೆಮ್ಮಿದ, ಮೂರನೇ ಸಲಕ್ಕೆ ದೊರೆ ಎದ್ದ. ಖಾದರ್ ಭಾಯ್ ಚಪ್ಪಾಳೆ ಹೊಡೆದರು. ಹಾಕಿದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ಪು ಬಿಚ್ಚಿದೆವು. ಎರಡೂ ಕಾರು ಹೊರಟವು.

ಆಸ್ಪತ್ರೆ ಗೇಟಿನಲ್ಲಿ ಹನ್ನೊಂದೂ ಕಾಲು. ಆಫ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಅಂತ ಇಂಜಿನ್ ಓಡುತ್ತಲೇ ಇತ್ತು, ಯಜಮಾನರು ಸೀಟು ಬಿಟ್ಟು ಏಳಲಿಲ್ಲ. ಶೋಭಾ ಮಗು ಎತ್ತಿಕೊಂಡು ಬಂದಳು. ನಾನು ಹಿಂದಿನ ಸೀಟಿಗೆ ಮೆತ್ತನೆ ಟವೆಲ್ ಹಾಸಿ, ಕೂತು, ಮಡಿಲು ಸರಿಮಾಡಿಕೊಂಡೆ.

“ಅಮ್ಮಾ, ಇದ್ರಲ್ಲಿ ಬೆಲ್ಟ್ ಎಲ್ಲಿದೆ?”

“ನೀನು ಬಂದಿದ್ದೂ ಇದ್ರಲ್ಲೇ ಕಣಮ್ಮ,” ಅಂದರು ಯಜಮಾನರು.

“ಆವಾಗ ನಿಮ್ಗೆ ಗೊತ್ತಿರ್ಲಿಲ್ಲ ಅಪ್ಪ. ಈಗ ನಂಗೆ ಗೊತ್ತಲ್ಲ. ಅವ್ರ ಕಾರಲ್ಲಿ ಮಗು ಸೀಟ್ ಫಿಟ್ ಮಾಡ್ಸಿದೀವಿ.” ಆಮೇಲೆ ನನ್ನ ಕಡೆ ತಿರುಗಿದಳು. “ಒಂದು ಬ್ಯಾಟರಿಗೆ ಬೆಳಿಗ್ಗೆಯೆಲ್ಲ ಅಷ್ಟು ಹುಷಾರು ಮಾಡಿದ್ಯಂತೆ. ಇವಳಿಗೆ?”

ಯಜಮಾನರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಅಳಿಯ ಚಪ್ಪಲಿ ನೋಡುತ್ತಿದ್ದ. ಒಂಬತ್ತು ತಿಂಗಳ ನನ್ನ ಚಿತ್ರ ಅಲ್ಲೇ ಗೇಟಿನ ಹತ್ತಿರ ನಿಂತುಬಿಟ್ಟಿತು.

“ಆ ಸೀಟಿಗೇ ಹಾಕಮ್ಮ,” ಅಂದೆ. “ನಾವು ಮುಂದೆ ಹೋಗ್ತೀವಿ.”

ಖಾಲಿ ಮಡಿಲಲ್ಲಿ ಟವೆಲ್ ಮಡಚಿಟ್ಟುಕೊಂಡು ನಾನು ಯಜಮಾನರ ಪಕ್ಕ ಕೂತೆ. ಹಲಸೂರು ಕೆರೆ ಬಂದಾಗ ಅವರು ಎರಡು ಸಲ ಹಾರ್ನ್ ಹೊಡೆದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಆರತಿ ಬೆಳಗಿ ಮಗುವನ್ನು ಒಳಗೆ ಕರೆದುಕೊಂಡೆ. ಆಮೇಲೆ ಸಂಜೆಯವರೆಗೂ ಅವಳು ನನ್ನ ಮಡಿಲಲ್ಲೇ ಇದ್ದಳು, ಯಾರು ಕೇಳಿದರೂ ನಾನು ಕೊಡಲಿಲ್ಲ.

ಯಾವ ಕಾರಿನಲ್ಲಿ ಬಂದೆ ಅಂತ ಅವಳು ಒಂದು ಮಾತಾದರೂ ಕೇಳಿದಳಾ?